ಸ್ಲೀವ್ ಆಪರೇಷನ್ ಆದಮೇಲೆ ನೀರು ಕುಡಿಯುವ ಬಗೆ: ನನ್ನ ಅನುಭವ

ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡವರ ಡಿಸ್ಚಾರ್ಜ್ ಚೀಟಿಯಲ್ಲಿ ಸಾಮಾನ್ಯವಾಗಿ ಒಂದು ಸಾಲು ಇದ್ದೇ ಇರುತ್ತದೆ: ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ದ್ರವ ತೆಗೆದುಕೊಳ್ಳಿ. ಮನೆಗೆ ಬಂದು ಲೋಟ ಎತ್ತಿದರೆ ಎರಡನೇ ಗುಟುಕಿಗೇ ಎದೆ ಕಟ್ಟಿದಂತಾಗುತ್ತದೆ. ಲೀಟರಿನ ಲೆಕ್ಕ ಹಿಡಿದು ಕೂತರೆ ಗಾಬರಿ ಹೆಚ್ಚುತ್ತದೆಯೇ ಹೊರತು ನೀರು ಇಳಿಯುವುದಿಲ್ಲ. ನಾನು ಲೆಕ್ಕ ಇಟ್ಟುಕೊಂಡಿದ್ದು ಗುಟುಕಿನ ಗಾತ್ರಕ್ಕೆ ಮತ್ತು ಎರಡು ಗುಟುಕುಗಳ ನಡುವಿನ ಬಿಡುವಿಗೆ. ಅವೆರಡೂ ಹದಕ್ಕೆ ಬಂದರೆ ಲೀಟರ್ ತಾನಾಗಿ ತುಂಬುತ್ತದೆ. ನನ್ನದು ಸ್ಲೀವ್. ಬೈಪಾಸ್, ಅಂದರೆ ಜಠರದ ಮೇಲ್ಭಾಗವನ್ನು ಸಣ್ಣ ಚೀಲವಾಗಿಸಿ ನೇರ ಕರುಳಿಗೆ ಜೋಡಿಸುವ ಆಪರೇಷನ್, ಆದವರಿಗೆ ಎಲ್ಲಿ ವ್ಯತ್ಯಾಸವಿದೆಯೋ ಅಲ್ಲಿ ಹೇಳುತ್ತೇನೆ. ನಿಮ್ಮ ಸರ್ಜನ್ ಬೇರೆ ಅಳತೆ ಕೊಟ್ಟಿದ್ದರೆ ಅದನ್ನೇ ಪಾಲಿಸಿ.

ಎದೆ ಯಾಕೆ ಕಟ್ಟುತ್ತದೆ ಅನ್ನುವುದು ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ. ಸ್ಲೀವ್‌ನಲ್ಲಿ ಜಠರದ ಶೇ. 75ರಿಂದ 80ರಷ್ಟು ಭಾಗ ತೆಗೆದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ ಉಳಿಸುತ್ತಾರೆ. ಅದರಲ್ಲಿ ಸುಮಾರು 100ರಿಂದ 150 ಮಿ.ಲೀ. ಹಿಡಿಯಬಹುದು, ಆದರೆ ಮೊದಲ ವಾರಗಳಲ್ಲಿ ಒಳಗಿನ ಬಾವಿನಿಂದ ಅಷ್ಟೂ ಜಾಗ ಸಿಗುವುದಿಲ್ಲ. ತೆಗೆದುಹಾಕಿದ ಭಾಗದಲ್ಲಿ ಜಠರದ ಮೇಲಿನ ಗುಮ್ಮಟವೂ ಸೇರಿದೆ. ನುಂಗಿದ್ದಕ್ಕೆ ಹಿಗ್ಗಿ ಜಾಗ ಮಾಡಿಕೊಡುತ್ತಿದ್ದುದು ಅದೇ. ಕೆಳಗಿನ ಕವಾಟ ಮಾತ್ರ ಮೊದಲಿನಂತೆಯೇ ಇದ್ದು ತನ್ನ ವೇಗದಲ್ಲೇ ತೆರೆಯುತ್ತದೆ. ಮೇಲಿನಿಂದ ಒಮ್ಮೆಗೇ ಬಂದ ನೀರಿಗೆ ಹಿಗ್ಗುವ ಗೋಡೆಯೂ ಇಲ್ಲ, ಥಟ್ಟನೆ ಹೋಗುವ ದಾರಿಯೂ ಇಲ್ಲ. ಬೈಪಾಸ್‌ನಲ್ಲಿ ಉಳಿಯುವ ಚೀಲ ಇನ್ನೂ ಚಿಕ್ಕದು, ಸುಮಾರು 30 ಮಿ.ಲೀ.

ಮೊದಲು ನಿಮ್ಮ ಗುಟುಕನ್ನು ಅಳೆದುಕೊಳ್ಳಿ. ಲೋಟಕ್ಕೆ ಸರಿಯಾಗಿ 100 ಮಿ.ಲೀ. ನೀರು ಹಾಕಿ, ಮನೆಯಲ್ಲಿ ಆಪರೇಷನ್ ಆಗದ ಯಾರಿಗಾದರೂ ಕುಡಿಯಲು ಕೊಟ್ಟು ಗುಟುಕು ಎಣಿಸಿ. ನಾಲ್ಕೈದರಲ್ಲಿ ಮುಗಿದರೆ ಒಂದು ಗುಟುಕಿಗೆ 20ರಿಂದ 25 ಮಿ.ಲೀ. ಆಯಿತು. ಹಳೆಯ ಅಭ್ಯಾಸದಂತೆ ನಿಮ್ಮ ಬಾಯಿಯೂ ಅಷ್ಟನ್ನೇ ಎಳೆದುಕೊಳ್ಳುತ್ತದೆ. ಮೊದಲ ವಾರಗಳಿಗೆ ಬೇಕಾದದ್ದು 10 ಮಿ.ಲೀ. ಅಥವಾ ಅದಕ್ಕೂ ಕಡಿಮೆ. ಮಕ್ಕಳ ಸಿರಪ್ ಬಾಟಲಿಯ ಅಳತೆ ಮುಚ್ಚಳ ಇದಕ್ಕೆ ಹೇಳಿ ಮಾಡಿಸಿದ್ದು, ಅದರ ಮೇಲೆ 5, 10 ಎಂದು ಗೆರೆಗಳೇ ಇರುತ್ತವೆ. ಹದಿನೈದು ನಿಮಿಷಕ್ಕೆ ಮೂರು ಮುಚ್ಚಳ, ನಡುನಡುವೆ ನಾಲ್ಕೈದು ನಿಮಿಷ ಬಿಡುವು. ಗಂಟೆಗೆ 120 ಮಿ.ಲೀ., ಎಚ್ಚರವಿರುವ ಹದಿನಾಲ್ಕು ಗಂಟೆಗೆ 1,680 ಮಿ.ಲೀ. ಮೂರು ಮುಚ್ಚಳವನ್ನು ಒಟ್ಟಿಗೆ ಕುಡಿದು ಹದಿನೈದು ನಿಮಿಷ ಸುಮ್ಮನಿದ್ದರೂ ಮೊತ್ತ ಅಷ್ಟೇ, ಆದರೆ ಹಿತ ಅಷ್ಟಿರುವುದಿಲ್ಲ. ತಪ್ಪಿಹೋದ ಗಂಟೆಯ ನೀರನ್ನು ಮುಂದಿನ ಗಂಟೆಗೆ ಸೇರಿಸಿ ಕುಡಿಯಬಾರದು. ಎದ್ದ ಕೂಡಲೇ ಶುರುಮಾಡಿದರೆ ಆ ಒತ್ತಡವೇ ಬರುವುದಿಲ್ಲ.

ಗುಟುಕು ಇಳಿಯುವ ರೀತಿಯನ್ನೂ ಗಮನಿಸಬೇಕು. ನೆಟ್ಟಗೆ ಕೂತು, ನೀರನ್ನು ನಾಲಿಗೆಯ ಮೇಲೆ ಕ್ಷಣಹೊತ್ತು ಹಿಡಿದು, ಎರಡು ಭಾಗವಾಗಿ ನುಂಗುತ್ತೇನೆ. ಆಮೇಲೆ ಕಾಯುತ್ತೇನೆ. ಸಣ್ಣ ತೇಗು ಬಂದರೆ ಒಳಗಿನ ಗಾಳಿ ಜಾಗ ಬಿಟ್ಟಿತೆಂದು ಅರ್ಥ, ಮುಂದಿನ ಗುಟುಕಿಗೆ ದಾರಿ ಇದೆ. ತೇಗು ಬರದೆ ಎದೆಮೂಳೆಯ ಹಿಂದೆ ಒತ್ತಿದಂತಾದರೆ, ಬಾಯಲ್ಲಿ ನೀರೂರಿದರೆ, ಬಿಕ್ಕಳಿಕೆ ಅಥವಾ ಸೀನು ಬಂದರೆ, ಮೂಗು ಸೋರಿದರೆ ಲೋಟ ಕೆಳಗಿಡಬೇಕು. ಎದ್ದು ಮನೆಯೊಳಗೇ ನಾಲ್ಕು ಹೆಜ್ಜೆ ಓಡಾಡಿದರೆ ಗಾಳಿ ಮೇಲೆ ಬರುತ್ತದೆ. ‘ನೀರು ಕುಡಿದರೆ ಇಳಿಯುತ್ತೆ’ ಎಂದು ಮತ್ತೆ ನೀರು ಹಾಕುವುದು ಇಲ್ಲಿ ಕೆಲಸಕ್ಕೆ ಬಾರದು. ತುಂಬಿರುವುದು ಆ ಕೊಳವೆಯೇ.

ನಮ್ಮಲ್ಲಿ ಎಂಜಲಾಗಬಾರದೆಂದು ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವ ರೂಢಿ ಇದೆಯಲ್ಲ, ಅದನ್ನು ಬಿಡಲೇಬೇಕು. ಹಾಗೆ ಸುರಿದುಕೊಂಡಾಗ ಧಾರೆಯ ಜೊತೆ ಗಾಳಿಯೂ ಒಳಹೋಗುತ್ತದೆ, ಧಾರೆ ಎಷ್ಟು ಬೀಳುತ್ತದೆಂಬುದೂ ಕೈಯಲ್ಲಿರುವುದಿಲ್ಲ. ನಿಮ್ಮದೇ ಒಂದು ಲೋಟ ಬೇರೆ ಇಟ್ಟುಕೊಂಡು ತುಟಿ ತಾಗಿಸಿ ಕುಡಿಯಿರಿ. ಅಗಲ ಬಾಯಿಯ ಲೋಟಕ್ಕಿಂತ ಫಿಲ್ಟರ್ ಕಾಫಿಯ ಸಣ್ಣ ಸ್ಟೀಲ್ ಲೋಟ ಒಳ್ಳೆಯದು, ಅದರಲ್ಲಿ ದೊಡ್ಡ ಗುಟುಕು ಎಳೆಯುವುದೇ ಕಷ್ಟ. ಸ್ಟ್ರಾ ಬೇಡವೆಂದು ಬಹುತೇಕ ತಂಡಗಳು ಹೇಳುವುದು ಗಾಳಿಯ ಕಾರಣಕ್ಕೇ. ಕೆಲವರಿಗೆ ಅದರಿಂದ ಏನೂ ತೊಂದರೆಯಾಗುವುದಿಲ್ಲ, ಆದರೆ ಮೊದಲ ವಾರಗಳಲ್ಲಿ ಪರೀಕ್ಷೆ ಮಾಡಿ ನೋಡುವಷ್ಟು ಲಾಭವೂ ಅದರಲ್ಲಿಲ್ಲ.

ಬರೀ ನೀರೇ ಭಾರವೆನಿಸುವುದು ಅನೇಕರ ದೂರು. ನೀರು ಬೇಡವೆಂದು ಬಿಟ್ಟುಬಿಡದೆ ಅದರ ಬಿಸಿ, ರುಚಿ ಬದಲಿಸಿ ನೋಡಿ. ಒಬ್ಬರಿಗೆ ಫ್ರಿಜ್‌ನ ತಣ್ಣೀರು ಎದೆ ಹಿಡಿಯುತ್ತದೆ, ಇನ್ನೊಬ್ಬರಿಗೆ ಉಗುರುಬೆಚ್ಚಗಿನದು ವಾಕರಿಕೆ ತರಿಸುತ್ತದೆ. ನನಗೆ ಒಗ್ಗಿದ್ದು ಜೀರಿಗೆ ನೀರು: ಅರ್ಧ ಲೀಟರಿಗೆ ಅರ್ಧ ಚಮಚ ಜೀರಿಗೆ, ಐದು ನಿಮಿಷ ಕುದಿಸಿ ಸೋಸಿದ್ದು. ಆಮೇಲೆ ನೀರು ಮಜ್ಜಿಗೆ. ಎರಡು ದೊಡ್ಡ ಚಮಚ ಹುಳಿಯಿಲ್ಲದ ಮೊಸರಿಗೆ 200 ಮಿ.ಲೀ. ನೀರು, ಚಿಟಿಕೆ ಉಪ್ಪು, ಚೂರು ಇಂಗು. ಕಡೆದ ಮೇಲೆ ನೊರೆ ಇಳಿಯುವ ತನಕ ಬಿಟ್ಟು ಟೀ ಜರಡಿಯಲ್ಲಿ ಸೋಸಬೇಕು, ಯಾಕೆಂದರೆ ನೊರೆಯೂ ಗಾಳಿಯೇ. ಹಸಿಮೆಣಸಿನಕಾಯಿ, ಶುಂಠಿ, ಕರಿಬೇವಿನ ಚೂರುಗಳಿಗೆ ಇನ್ನೂ ಕಾಲವಿದೆ. ಬೇಳೆ ಕಟ್ಟು ಇನ್ನೊಂದು: ಕಾಲು ಬಟ್ಟಲು ತೊಗರಿಬೇಳೆಯನ್ನು ನಾಲ್ಕು ಬಟ್ಟಲು ನೀರಲ್ಲಿ ಬೇಯಿಸಿ, ಕದಡದೆ ಮೇಲಿನ ತಿಳಿ ಬಸಿದು, ಉಪ್ಪು-ಅರಿಸಿನ ಹಾಕಿದ್ದು. ಒಗ್ಗರಣೆ, ಹುಣಸೆಹುಳಿ, ಸಾರಿನ ಪುಡಿ ಬೇಡ. ರಾಗಿ ಅಂಬಲಿ ಗಟ್ಟಿ ದ್ರವದ ಹಂತಕ್ಕೆ ಬಂದಮೇಲೆ, ಅದೂ ಲೋಟಕ್ಕೆ ಒಂದು ಚಮಚ ಹಿಟ್ಟು ಮೀರದಂತೆ. ಮಜ್ಜಿಗೆ, ಕಟ್ಟು, ಪ್ರೋಟೀನ್ ಪುಡಿ ಕಲಸಿದ ನೀರು ಎಲ್ಲವೂ ದಿನದ ದ್ರವದ ಲೆಕ್ಕಕ್ಕೆ ಸೇರುತ್ತವೆ.

ಎಳನೀರು ಒಳ್ಳೆಯದೇ, ಆದರೆ ಕಾಯಿಯಿಂದ ನೇರ ಕುಡಿಯದೆ ಲೋಟಕ್ಕೆ ಬಗ್ಗಿಸಿಕೊಂಡು ಗುಟುಕಿನ ಲೆಕ್ಕದಲ್ಲಿ ಕುಡಿಯಿರಿ. ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಮೂತ್ರಪಿಂಡದ ತೊಂದರೆ ಇರುವವರು, ಟೆಲ್ಮಿಸಾರ್ಟಾನ್‌ನಂಥ ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಬೇಕು. ಭೇದಿಯಾದಾಗ, ರಾಯಚೂರು-ಕಲಬುರಗಿಯ ಬೇಸಿಗೆಯಲ್ಲಿ ಬೆವರು ಸುರಿದಾಗ ಓ.ಆರ್.ಎಸ್. ಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪೊಟ್ಟಣವನ್ನೇ ಕೇಳಿ. ಅದರಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಮತ್ತು 2.6 ಗ್ರಾಂ ಉಪ್ಪು ಇರುತ್ತದೆ. ಇದೇ ಹೆಸರು ಹೊತ್ತು ಮಾರಾಟವಾಗುತ್ತಿದ್ದ ಸಿಹಿ ಪಾನೀಯಗಳಲ್ಲಿ ಸಕ್ಕರೆ ಇದಕ್ಕಿಂತ ಎಷ್ಟೋ ಹೆಚ್ಚು. 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಆ ಹೆಸರು ಬಳಸಬಾರದೆಂದು ಆದೇಶಿಸಿದ್ದು ಒಳ್ಳೆಯ ಕೆಲಸ. ಒಂದು ಲೀಟರಿನ ಪೊಟ್ಟಣವನ್ನು ಅಂದಾಜಿನಲ್ಲಿ ಭಾಗ ಮಾಡಬೇಡಿ, ಉಪ್ಪಿನ ಪ್ರಮಾಣ ಕೆಡುತ್ತದೆ. 200 ಮಿ.ಲೀ.ಯ ಸಣ್ಣ ಪೊಟ್ಟಣ ಸಿಗುತ್ತದೆ.

ಬೆಲ್ಲದ ಪಾನಕ, ಕಬ್ಬಿನಹಾಲು, ಹಣ್ಣಿನ ಜ್ಯೂಸ್ ಬೇಡ. ಬೈಪಾಸ್ ಆದವರಿಗೆ ಸಕ್ಕರೆ ನೇರ ಕರುಳಿಗಿಳಿದು ಬೆವರು, ಎದೆಬಡಿತ, ತಲೆಸುತ್ತು, ಭೇದಿ ಶುರುವಾಗಬಹುದು. ಇದೇ ಡಂಪಿಂಗ್. ಸೋಡಾ, ಗೋಲಿಸೋಡಾ ಕೂಡ ಬೇಡ, ಆ ಗ್ಯಾಸು ಹಿಗ್ಗಲು ಈಗ ಒಳಗೆ ಜಾಗವಿಲ್ಲ. ಕಾಫಿಯನ್ನು ಯಾವಾಗ ಶುರುಮಾಡಬೇಕೆಂಬುದು ಒಬ್ಬೊಬ್ಬ ಸರ್ಜನ್‌ಗೆ ಒಂದೊಂದು. ಕೇಳಿಯೇ ಶುರುಮಾಡಿ, ತೆಳು ಡಿಕಾಕ್ಷನ್‌ನಿಂದ.

ಗಟ್ಟಿ ಊಟ ಶುರುವಾದಾಗ ನಿಜವಾದ ಇಕ್ಕಟ್ಟು ಬರುತ್ತದೆ. ಊಟದ ಜೊತೆ ನೀರಿಲ್ಲ, ಊಟವಾಗಿ ಅರ್ಧ ಗಂಟೆ ನೀರಿಲ್ಲ. ತುಂಬಿದ ಕೊಳವೆಗೆ ನೀರು ಸುರಿದರೆ ವಾಂತಿಯಾಗಬಹುದು, ಬೈಪಾಸ್‌ನಲ್ಲಾದರೆ ಅನ್ನ ಬೇಗ ಕೊಚ್ಚಿಹೋಗಬಹುದು. ಊಟಕ್ಕೆ ಕಾಲು ಗಂಟೆ ಮೊದಲು ನಾನು ಲೋಟ ಇಟ್ಟುಬಿಡುತ್ತೇನೆ. ಊಟ ಮಾಡಲು ಅರ್ಧ ಗಂಟೆ ಎಂದರೂ ಒಂದು ಊಟಕ್ಕೆ ಒಂದೂಕಾಲು ಗಂಟೆ ಹೋಯಿತು. ಮೂರು ಊಟಕ್ಕೆ ಮೂರೂಮುಕ್ಕಾಲು ಗಂಟೆ ಹೋಗಿ, ಎಚ್ಚರವಿರುವ ಹದಿನೈದರಲ್ಲಿ ಉಳಿಯುವುದು ಹನ್ನೊಂದೂಕಾಲು. ಆದ್ದರಿಂದ ಈ ಹೊತ್ತಿಗೆ ಗಂಟೆಗೆ 150 ಮಿ.ಲೀ.ಗೆ ಏರಿರಬೇಕು. ಸ್ವಲ್ಪ ಸ್ವಲ್ಪವೇ ಐದು ಸಲ ತಿನ್ನುವವರಿಗೆ ಉಳಿಯುವುದು ಒಂಬತ್ತು ಗಂಟೆಗೂ ಕಡಿಮೆ. ಅವರಿಗೆ ದ್ರವ ಸಾಲದಿರುವುದು ಬಹಳ ಸಲ ಇದರಿಂದಲೇ. ಅನ್ನವನ್ನು ಸಾರಲ್ಲಿ ತೇಲಿಸಿಕೊಳ್ಳುವುದು, ಕೊನೆಗೆ ಮಜ್ಜಿಗೆ ಅನ್ನ, ಮೇಲೊಂದು ಲೋಟ ನೀರು ಎಂಬ ಕ್ರಮವೂ ಬದಲಾಗಬೇಕು. ಮಜ್ಜಿಗೆಯನ್ನು ತಟ್ಟೆಯಿಂದ ತೆಗೆದು ನಾಲ್ಕು ಗಂಟೆಯ ಹೊತ್ತಿಗಿಡಿ.

ದ್ರವ ಸಾಕಾಯಿತೇ ಎಂದು ತಿಳಿಯಲು ಮೂತ್ರದ ಬಣ್ಣ ನೋಡಿ ಎನ್ನುತ್ತಾರೆ. ಆದರೆ ವಿಟಮಿನ್ ಮಾತ್ರೆಯಲ್ಲಿರುವ ಬಿ2 ಮೂತ್ರವನ್ನು ಗಾಢ ಹಳದಿ ಮಾಡುತ್ತದೆ. ಹಾಗಾಗಿ ಎಷ್ಟು ಸಲ, ಎಷ್ಟು ಪ್ರಮಾಣ ಎಂಬುದನ್ನೂ ನೋಡಬೇಕು. ನಾಲ್ಕು ಗಂಟೆ ಕಳೆದರೂ ಹೋಗಬೇಕೆನಿಸದಿದ್ದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ನೀರು ಕಡಿಮೆಯಾಗಿದೆ. ಬಸ್ ಪ್ರಯಾಣದಲ್ಲಿ ಶೌಚಾಲಯ ಸಿಗುವುದಿಲ್ಲವೆಂದು, ಅದರಲ್ಲೂ ಹೆಣ್ಣುಮಕ್ಕಳು, ನೀರೇ ಕುಡಿಯುವುದಿಲ್ಲ. ಆಪರೇಷನ್ ಆದವರಿಗೆ ಅದು ಸಲ್ಲದು, ಆಮೇಲೆ ಒಟ್ಟಿಗೆ ಕುಡಿದು ಸರಿದೂಗಿಸುವಂತಿಲ್ಲ. ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆ, ಡಪಾಗ್ಲಿಫ್ಲೋಜಿನ್‌ನಂಥ ಸಕ್ಕರೆ ಕಾಯಿಲೆಯ ಮಾತ್ರೆ ಮುಂದುವರಿಸಬೇಕೇ ಎಂದು ಆಪರೇಷನ್‌ಗೆ ಮೊದಲೇ ಕೇಳಿಟ್ಟುಕೊಳ್ಳಿ.

ನಿನ್ನೆ ಇಳಿಯುತ್ತಿದ್ದ ನೀರು ಇಂದು ಇಳಿಯದೆ, ಎಂಜಲೂ ನೊರೆಯಾಗಿ ವಾಪಸಾದರೆ ಮನೆಮದ್ದು ಬೇಡ. ಹೊಲಿಗೆಯ ಜಾಗ ಕಿರಿದಾಗಿರಬಹುದು, ಎಂಡೋಸ್ಕೋಪಿಯಲ್ಲಿ ಬಲೂನ್ ಹಾಕಿ ಅಗಲಿಸಬೇಕಾಗಬಹುದು. ಜ್ವರ, ನಿಮಿಷಕ್ಕೆ 120 ದಾಟಿದ ನಾಡಿ, ಭುಜಕ್ಕೆ ಹರಿಯುವ ನೋವು ಇದ್ದರೆ ಆ ಗಳಿಗೆಯಲ್ಲೇ ಆಪರೇಷನ್ ಮಾಡಿದ ಆಸ್ಪತ್ರೆಗೆ ಹೋಗಬೇಕು.

ನಿಶ್ಶಕ್ತಿಯಾದರೆ ಹತ್ತಿರದ ಕ್ಲಿನಿಕ್‌ನಲ್ಲಿ ‘ಒಂದು ಗ್ಲೂಕೋಸ್ ಹಾಕಿಸಿಕೊಂಡು’ ಬರುವುದು ನಮ್ಮಲ್ಲಿ ಸಾಮಾನ್ಯ. ಕೆಲವು ದಿನಗಳಿಂದ ವಾಂತಿಯಾಗುತ್ತಿದ್ದವರಿಗೆ ಇದು ಅಪಾಯ. ದೇಹದಲ್ಲಿ ಬಿ1, ಅಂದರೆ ಥಯಾಮಿನ್, ಸಂಗ್ರಹ ಇರುವುದು ಎರಡು-ಮೂರು ವಾರಕ್ಕಾಗುವಷ್ಟೇ. ಅದು ಬರಿದಾದಾಗ ಗ್ಲೂಕೋಸ್ ಏರಿಸಿದರೆ ಉಳಿದದ್ದೂ ಖರ್ಚಾಗಿ ಮೆದುಳಿಗೆ ಪೆಟ್ಟಾಗಬಹುದು: ಒಂದು ಎರಡಾಗಿ ಕಾಣುವುದು, ನಡೆಯುವಾಗ ತೂರಾಡುವುದು, ಮಾತಿನಲ್ಲಿ ಗೊಂದಲ. ಯಾವ ಕ್ಲಿನಿಕ್‌ಗೆ ಹೋದರೂ ‘ನನಗೆ ಸ್ಲೀವ್ ಆಗಿದೆ, ಇಷ್ಟು ದಿನದಿಂದ ವಾಂತಿ ಇದೆ, ಗ್ಲೂಕೋಸ್‌ಗೆ ಮೊದಲು ಥಯಾಮಿನ್ ಕೊಡಿ ಡಾಕ್ಟ್ರೇ’ ಎಂದು ಬಾಯಿಬಿಟ್ಟು ಹೇಳಿ. ಈ ಮಾತನ್ನು ಮನೆಯ ಇನ್ನೊಬ್ಬರಿಗೂ ಹೇಳಿಕೊಟ್ಟಿರಿ.