ಮಗ್ಗವಿರುವ ಮನೆಗೆ ಅಳಿಯ ಬಂದಾಗ

ಇಳಕಲ್ಲಿನ ನೇಕಾರರ ಓಣಿಯಲ್ಲಿರುವ ನನ್ನ ತವರುಮನೆ ಎಂದರೆ ಒಂದು ಪಡಸಾಲೆ, ಒಂದು ಅಡುಗೆಮನೆ, ಹಿಂದೆ ತಗಡು ಹೊದಿಸಿದ ಒಂದು ಚಪ್ಪರ ಇಷ್ಟೇ; ಪಡಸಾಲೆಯ ಅರ್ಧಕ್ಕಿಂತ ಹೆಚ್ಚು ಜಾಗವನ್ನು ಅಪ್ಪನ ಕುಣಿಮಗ್ಗವೇ ಹಿಡಿದುಕೊಂಡಿದೆ. ನಾನು ಮದುವೆಯಾಗಿ ಬಂದದ್ದು ಬಾಗಲಕೋಟೆಯ ನವನಗರದ ಎರಡಂತಸ್ತಿನ ಮನೆಗೆ. ಈ ಅಂತರ ಎರಡೂ ಕಡೆಯ ಹಿರಿಯರಿಗೆ ಮೊದಲೇ ಗೊತ್ತಿದ್ದುದರಿಂದ ಮುಂದೆ ಇದೊಂದು ಮಾತಾದೀತೆಂದು ಯಾರೂ ಎಣಿಸಿರಲಿಲ್ಲ. ಆದರೆ ಮನೆ ಸಣ್ಣದೆಂದು ಗೊತ್ತಿರುವುದು ಬೇರೆ, ಆ ಮನೆಯಲ್ಲಿ ಒಂದು ರಾತ್ರಿ ಕಳೆಯುವುದು ಬೇರೆ. ಪತಿ ನನ್ನ ತವರನ್ನು ಅಳೆದು ನೋಡುತ್ತಿದ್ದಾರೆ ಎಂಬ ಸಂಕಟದಿಂದ ನಾನು ಹೇಗೆ ಹೊರಬಂದೆ, ಯಾವುದನ್ನು ಬದಲಿಸಿದೆ, ಯಾವುದನ್ನು ಬದಲಿಸಲು ಒಪ್ಪಲಿಲ್ಲ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸಂಕಟ ಶುರುವಾದದ್ದು ಪಂಚಮಿ ಹಬ್ಬದಲ್ಲಿ. ಅಣ್ಣ ಬಂದು ನನ್ನನ್ನು ಕರೆದುಕೊಂಡು ಹೋಗುವುದು, ಹಬ್ಬ ಮುಗಿದ ಮೇಲೆ ನಮ್ಮವರು ಬಂದು ವಾಪಸು ಕರೆತರುವುದು ನಮ್ಮಲ್ಲಿಯ ರೂಢಿ. ಅವರು ಬರುತ್ತಿದ್ದರು, ಅವ್ವ ಕೊಟ್ಟ ಶೇಂಗಾ ಉಂಡಿ, ಅಳ್ಳು ತಿಂದು ಚಹಾ ಕುಡಿಯುತ್ತಿದ್ದರು, ಒಳಗೆ ಸ್ವಲ್ಪ ಹೊತ್ತು ಕುಳಿತು ಮೇಲಿನ ಜಂತಿಗಳನ್ನು ಒಂದೊಂದಾಗಿ ನೋಡಿ, ಆಮೇಲೆ ಹೊರಗಿನ ಕಟ್ಟೆಗೆ ಹೋಗಿ ಮೊಬೈಲು ಹಿಡಿಯುತ್ತಿದ್ದರು. "ಅಳಿಯಂದ್ರ, ಇವತ್ತೊಂದ ರಾತ್ರಿ ಇದ್ದು ಹೋಗ್ರಿ" ಎಂದು ಅವ್ವ ಪ್ರತಿ ಸಲವೂ ಹೇಳುವಳು. "ಇಲ್ರಿ ಅತ್ತಿ, ನಾಳೆ ಲಗೂನ ಸೈಟಿಗೆ ಹೋಗಬೇಕು" ಎಂಬುದು ಪ್ರತಿ ಸಲದ ಉತ್ತರ. ಹುನಗುಂದ ದಾಟಿ ಬಾಗಲಕೋಟೆ ಮುಟ್ಟುವವರೆಗೂ ನಾನು ಕಿಟಕಿಯ ಕಡೆಗೇ ನೋಡುತ್ತ ಕೂರುತ್ತಿದ್ದೆ. ಅವರು ಮನೆಯ ಬಗ್ಗೆ ಒಂದು ಕೆಟ್ಟ ಮಾತನ್ನೂ ಆಡಿರಲಿಲ್ಲ. ಆಡಿದ್ದರೆ ಉತ್ತರ ಕೊಡಬಹುದಿತ್ತು. ನೋಟಕ್ಕೆ ಉತ್ತರ ಕೊಡುವುದು ಹೇಗೆ?

ಮೊದಲು ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡೆ. ನಾನು ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುವವಳಾದ್ದರಿಂದ ಪುಟದ ನಡುವೆ ಗೆರೆ ಎಳೆಯುವುದು ಕೈಗೆ ಬಂದ ಅಭ್ಯಾಸ. ಎಡಕ್ಕೆ ಅವರು ನಿಜವಾಗಿ ಮಾಡಿದ್ದು, ಬಲಕ್ಕೆ ಅದರಿಂದ ನಾನು ತಿಳಿದುಕೊಂಡದ್ದು. ಎಡಭಾಗದಲ್ಲಿ ರಾತ್ರಿ ಉಳಿಯಲಿಲ್ಲ, ಜಂತಿ ನೋಡಿದರು, ಸ್ನಾನ ಮಾಡದೆ ಹೊರಟರು, ಗೆಳೆಯರ ಮುಂದೆ ಅಪ್ಪನಿಗೆ ಸೀರೆ ವ್ಯಾಪಾರ ಎಂದರು ಎಂಬ ನಾಲ್ಕಾರು ಸಾಲುಗಳು ಮಾತ್ರ ಬಂದವು. ಬಲಭಾಗ ಪುಟ ತುಂಬಿ ಕೆಳಗಿಳಿಯಿತು. ಎಡಭಾಗದಲ್ಲಿರುವುದನ್ನು ಅವರನ್ನೇ ಕೇಳಬಹುದು, ಕೇಳಬೇಕು ಎಂದು ಆಗ ತೀರ್ಮಾನಿಸಿದೆ.

ಯಾವಾಗ, ಎಲ್ಲಿ ಕೇಳುವುದೆಂಬುದನ್ನೂ ಯೋಚಿಸಬೇಕಾಯಿತು. ತವರಿನಲ್ಲಿ ಕೇಳಿದರೆ ಅವ್ವನ ಕಿವಿಗೆ ಬೀಳುತ್ತದೆ. ದಾರಿಯಲ್ಲಿ ಕೇಳಿದರೆ ಕಾರಿನೊಳಗಿನ ಜಗಳ ಮನೆಯ ಬಾಗಿಲವರೆಗೆ ಬರುತ್ತದೆ. ಹಬ್ಬದ ಮರುದಿನ ಇಬ್ಬರ ಮನಸ್ಸೂ ಕೆದರಿರುತ್ತದೆ. ಹಬ್ಬ ಕಳೆದು ಎಷ್ಟೋ ದಿನಗಳಾದ ಮೇಲೆ, ಒಂದು ಭಾನುವಾರ ಸಂಜೆ ನವನಗರದ ಮನೆಯ ಮಾಳಿಗೆಯ ಮೇಲೆ ಬಟ್ಟೆ ತೆಗೆಯುವಾಗ ಮಾತು ತೆಗೆದೆ. "ನಮ್ಮ ಮನಿ ಕಂಡ್ರ ನಿಮಗ ಯಾಕ ಆಗಂಗಿಲ್ಲ?" ಎಂಬ ಪ್ರಶ್ನೆ ನಾಲಿಗೆಯ ತುದಿಯಲ್ಲಿತ್ತು. ಹಾಗೆ ಕೇಳಿದರೆ "ಹಂಗೇನಿಲ್ಲ" ಎಂಬ ಒಂದೇ ಉತ್ತರಕ್ಕೆ ಮಾತು ಮುಗಿಯುತ್ತದೆ. ಆದ್ದರಿಂದ, "ಅಲ್ಲಿ ರಾತ್ರಿ ಇರಾಕ ನಿಮಗ ಏನೇನ ತ್ರಾಸ ಆಗತೈತಿ, ಒಂದೊಂದ ಹೇಳ್ರಿ" ಎಂದೆ.

ಅವರು ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಹೇಳಿದರು. ಅಡುಗೆಮನೆಯ ಮೂಲೆಯಲ್ಲಿರುವ ಬಚ್ಚಲಕ್ಕೆ ಬಾಗಿಲಿಲ್ಲ, ಹಳೆಯ ಸೀರೆಯ ಪರದೆ ಮಾತ್ರ. ಅತ್ತೆ ರೊಟ್ಟಿ ಬಡಿಯುತ್ತಿರುವಾಗ ಪಕ್ಕದಲ್ಲೇ ಸ್ನಾನ ಮಾಡುವುದು ತನ್ನಿಂದಾಗದು. ಪಾಯಖಾನೆ ಓಣಿಯ ಆ ಕಡೆ ದೊಡ್ಡಪ್ಪನ ಮನೆಯ ಹಿತ್ತಲಲ್ಲಿದೆ. ರಾತ್ರಿ ಅವರ ಬಾಗಿಲು ಬಡಿಯಬೇಕು. ಜಂತಿಗಳನ್ನು ನೋಡಿದ್ದೇಕೆಂದು ಕೇಳಿದೆ. ಸಿವಿಲ್ ಎಂಜಿನಿಯರಾದ ಅವರಿಗೆ ಗೋಡೆಯ ಹತ್ತಿರದ ಒಂದು ಜಂತಿಗೆ ಗೆದ್ದಲು ಹತ್ತಿದಂತೆ ಕಂಡಿತ್ತಂತೆ. ಹೇಳಿದರೆ ಮಾವನವರು ತಪ್ಪು ತಿಳಿದಾರೆಂದು ಬಾಯಿ ಬಿಟ್ಟಿರಲಿಲ್ಲ. ನನ್ನ ಬಲಭಾಗದ ಅರ್ಧ ಪುಟ ಅಲ್ಲಿಗೆ ಹೋಯಿತು. ಬಚ್ಚಲದ ವಿಷಯದಲ್ಲಿ ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಕಾರಣವೇ ಇರಲಿಲ್ಲ, ಏಕೆಂದರೆ ಆ ಪರದೆಯ ಹಿಂದೆ ನಾನೂ ಮೈ ಹಿಡಿ ಮಾಡಿಕೊಂಡೇ ಬೆಳೆದವಳು.

ಪಾಯಖಾನೆ, ಬಚ್ಚಲ ಕಟ್ಟಿಸುವ ಹಣ ತಾನು ಕೊಡುವುದಾಗಿ ಅವರು ಹೇಳಿದರು. ಅಪ್ಪ ಒಪ್ಪಲಿಲ್ಲ, ಅಳಿಯನ ರೊಕ್ಕದಲ್ಲಿ ಕಟ್ಟಿದ ಗೋಡೆಯ ಮುಂದೆ ತಾನು ತಲೆ ಎತ್ತಿ ಕೂರಲಾರೆ ಎಂಬುದು ಅವನ ಮಾತು, ಅದರಲ್ಲಿ ನ್ಯಾಯವೂ ಇತ್ತು. ನನ್ನ ಪಗಾರದ ಉಳಿತಾಯ ಮತ್ತು ಅಣ್ಣನ ಹಣ ಸೇರಿಸಿ ಹಿಂದಿನ ಚಪ್ಪರದಲ್ಲಿ ಎರಡನ್ನೂ ಕಟ್ಟಿಸಿದೆವು. ನಮ್ಮವರಿಂದ ತೆಗೆದುಕೊಂಡದ್ದು ಅವರ ತಿಳಿವಳಿಕೆಯನ್ನು ಮಾತ್ರ: ಗುಂಡಿ ಎಲ್ಲಿ ತೋಡಬೇಕು, ನೀರು ಯಾವ ಕಡೆಗೆ ಹರಿಯಬೇಕು, ಗೆದ್ದಲು ಹಿಡಿದ ಜಂತಿಯನ್ನು ತೆಗೆಯುವಾಗ ಯಾವುದಕ್ಕೆ ಆನಿಕೆ ಕೊಡಬೇಕು ಎಂಬುದನ್ನೆಲ್ಲ ಅವರೇ ನಿಂತು ಹೇಳಿದರು. ಮಾವ ಮತ್ತು ಅಳಿಯ ಚಹಾ ಕುಡಿಯುವುದನ್ನು ಬಿಟ್ಟು ಬೇರೊಂದು ಕೆಲಸವನ್ನು ಕೂಡಿ ಮಾಡಿದ್ದು ಅದೇ ಮೊದಲು.

ಕಟ್ಟುವ ಹುರುಪಿನಲ್ಲಿ ಅಣ್ಣ ಇನ್ನೊಂದು ಮಾತು ತೆಗೆದ. ಮಗ್ಗವನ್ನು ಹಿಂದಿನ ಚಪ್ಪರಕ್ಕೆ ಸರಿಸಿ ಪಡಸಾಲೆಗೆ ಟೈಲ್ಸ್ ಹಾಕಿಸಿ ಸೋಫಾ ಇಡೋಣ, ಬೀಗರು ಬಂದರೆ ಚೆಂದ ಕಾಣುತ್ತದೆ ಎಂದ. ಇದಕ್ಕೆ ನಾನು ಅಡ್ಡ ನಿಂತೆ. ಕುಣಿಮಗ್ಗವೆಂದರೆ ಎತ್ತಿ ಇಡುವ ಮಂಚವಲ್ಲ. ನೇಯುವವನು ನೆಲದ ಮಟ್ಟದಲ್ಲಿ ಕುಳಿತು ಕುಣಿಯೊಳಗೆ ಕಾಲಿಳಿಬಿಟ್ಟು ಕೆಲಸ ಮಾಡುತ್ತಾನೆ, ನೆಲದ ತಂಪಿನಿಂದ ಎಳೆ ಲಗುಬಗೆ ಹರಿಯುವುದಿಲ್ಲ. ತಗಡಿನ ಕೆಳಗಿನ ಬೇಸಿಗೆಯಲ್ಲಿ ಆ ತಂಪು ಎಲ್ಲಿಂದ ಬರಬೇಕು? ಮೇಲಾಗಿ ಇಳಕಲ್ ಸೀರೆಯ ಒಡಲಿನ ಹಾಸಿಗೆ, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಹಾಸುವ ಎಳೆಗಳಿಗೆ, ಸೆರಗಿನ ಕೆಂಪು ಹಾಸನ್ನು ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕಾಗುವುದರಿಂದ ಒಂದೊಂದು ಸೀರೆಗೂ ಹಾಸನ್ನು ಬೇರೆಯಾಗಿಯೇ ಸಿದ್ಧಪಡಿಸಬೇಕು, ಅದನ್ನು ನಡುವೆ ಬಿಟ್ಟು ಏಳಲಾಗದು. ಬೀಗರು ಬರುವ ಹೊತ್ತಿಗೆ ಅಪ್ಪನ ಕೈಯಲ್ಲಿ ಎಳೆಗಳಿದ್ದರೆ ಅವರು ಅದನ್ನು ನೋಡಿಕೊಂಡೇ ಕುಳಿತುಕೊಳ್ಳಲಿ. ಅವ್ವ-ಅಪ್ಪನಿಗೂ ಬೇಕಾದದ್ದನ್ನು ಕಟ್ಟಿಸುತ್ತೇನೆ, ಬಂದವರ ಕಣ್ಣಿಗಾಗಿ ಮಾತ್ರ ಬೇಕಾದದ್ದನ್ನು ಕಟ್ಟಿಸುವುದಿಲ್ಲ ಎಂದು ಅಣ್ಣನಿಗೆ ಹೇಳಿದೆ. ಅವನಿಗೆ ಇಂದಿಗೂ ಸೋಫಾದ ಆಸೆ ಇದೆ.

ಉಳಿದದ್ದು ಎಡಭಾಗದ ಕೊನೆಯ ಸಾಲು, ಸೀರೆ ವ್ಯಾಪಾರದ ಮಾತು. ಬಚ್ಚಲ, ಜಂತಿಗಳಂತೆ ಇದನ್ನು ಗವಂಡಿಯನ್ನು ಕರೆಸಿ ಸರಿಪಡಿಸುವಂತಿರಲಿಲ್ಲ. ಅಪ್ಪ ವ್ಯಾಪಾರಿಯಲ್ಲ, ಸಾಹುಕಾರರಿಂದ ನೂಲು ತಂದು ಮಜೂರಿಗೆ ನೇಯುವವನು. "ನೇಕಾರ ಅಂದ್ರ ಅವರು ಹಗುರ ಮಾಡ್ಯಾರಂತ ವ್ಯಾಪಾರ ಅಂದೆ, ನಿನ್ನ ಮರ್ಯಾದಿಗೇ ಅಂದದ್ದು" ಎಂದು ಅವರು ವಿವರಿಸಿದರು. ಇದು ಸಣ್ಣ ಮಾತೆಂದು ಬಿಡಬಹುದಿತ್ತು. ಬಿಡಲಿಲ್ಲ. ಮನೆಯಲ್ಲಿ ಬಚ್ಚಲವಿಲ್ಲ ಎನ್ನುವುದು ಕೊರತೆ. ಅಪ್ಪ ನೇಯುತ್ತಾನೆ ಎನ್ನುವುದು ಕೊರತೆಯಲ್ಲ, ಅದನ್ನು ಮುಚ್ಚಿಟ್ಟರೆ ಮುಚ್ಚಿಟ್ಟವರೇ ಅದನ್ನು ಕೊರತೆ ಮಾಡಿದಂತೆ ಎಂದು ನೇರವಾಗಿ ಹೇಳಿದೆ. ದನಿ ಏರಿಸಲಿಲ್ಲ, ಆದರೆ ಮಾತನ್ನು ಮೆತ್ತಗೂ ಮಾಡಲಿಲ್ಲ. ಎರಡು ದಿನ ಅವರು ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ, ನಾನೂ ಸಮಾಧಾನ ಮಾಡಲು ಹೋಗಲಿಲ್ಲ.

ಇಲ್ಲಿ ನನಗೆ ಅನುಕೂಲವಾದದ್ದು ನಮ್ಮ ಅತ್ತೆಯವರ ಒಂದು ಮಾತು. ಅವರ ಮನೆ ಇದ್ದದ್ದು ಹಳೆ ಬಾಗಲಕೋಟೆಯಲ್ಲಿ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹೋದ ಮನೆಗಳಲ್ಲಿ ಅದೂ ಒಂದು, ನವನಗರದ ನಿವೇಶನ, ಪರಿಹಾರ ಎಲ್ಲ ಆಮೇಲಿನವು. ಮಗನ ಮುಂದೆಯೇ ಅವರು, "ನಮ್ಮದೂ ಮಣ್ಣಿನ ಮಾಳಿಗಿನ ಇತ್ತು, ಮಳಿ ಬಂದ್ರ ಬುಟ್ಟಿ ಬೋಗಾಣಿ ಇಟಗೊಂಡು ಕುಂದರತಿದ್ವಿ, ನೀ ಆಗ ಸಣ್ಣಾಂವ" ಎಂದರು. ನಾನು ಅವರನ್ನು ನಡುವೆ ಬರಲು ಕೇಳಿರಲಿಲ್ಲ. ಕೇಳಿದ್ದರೆ ಅದು ಬೇರೆಯೇ ಬಣ್ಣ ಪಡೆಯುತ್ತಿತ್ತು ಎಂದು ನನ್ನ ಅಭಿಪ್ರಾಯ. ಗಂಡ-ಹೆಂಡತಿಯ ಇಂಥ ಮಾತಿಗೆ ಹಿರಿಯರನ್ನು ಸಾಕ್ಷಿಗೆ ಕರೆಯದಿರುವುದೇ ಒಳ್ಳೆಯದು.

ಈಗ ಅವರು ಇಳಕಲ್ಲಿಗೆ ಬಂದರೆ ರಾತ್ರಿ ಉಳಿಯುತ್ತಾರೆ, ಏಪ್ರಿಲ್-ಮೇ ತಿಂಗಳ ಸೆಕೆಯಲ್ಲಿ ಮಾತ್ರ ಇಲ್ಲ; ಆಗ ನಾನೂ ಒತ್ತಾಯ ಮಾಡುವುದಿಲ್ಲ. ಗೆಳೆಯರ ಮುಂದೆ ಮಾವನವರು ನೇಯುತ್ತಾರೆ ಎಂದು ಹೇಳುತ್ತಾರೆ, ಒಮ್ಮೊಮ್ಮೆ ಸ್ವಲ್ಪ ತಡೆದು ಹೇಳುತ್ತಾರೆ. ಸದ್ಯ ನಮ್ಮಿಬ್ಬರ ನಡುವೆ ಇರುವ ಚರ್ಚೆ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯದ್ದು. ಬಾಣಂತನ ತವರಿನಲ್ಲೇ ಆಗುವುದರಿಂದ ಕಾರ್ಯವೂ ಅಲ್ಲೇ ಆಗಲಿ ಎಂಬುದು ನನ್ನ ಪಟ್ಟು; ತಮ್ಮ ಕಡೆಯ ಜನರು ಪಡಸಾಲೆಯಲ್ಲಿ ಹಿಡಿಸುವುದಿಲ್ಲ, ಮಂಗಲ ಕಾರ್ಯಾಲಯ ಹಿಡಿಯೋಣ ಎಂಬುದು ಅವರದು. ಈ ಸಲ ಅವರು ಹೇಳುತ್ತಿರುವುದು ಜಾಗದ ಲೆಕ್ಕ ಮಾತ್ರ ಎಂದು ನನಗೂ ಗೊತ್ತಿದೆ. ಓಣಿಯಲ್ಲಿ ಶಾಮಿಯಾನ ಹಾಕಲು ಎದುರು ಮನೆಯವರು ಒಪ್ಪಿದರೆ ಇಳಕಲ್ಲಿನಲ್ಲಿಯೇ ಮಾಡುವುದೆಂದು ಸದ್ಯಕ್ಕೆ ಮಾತಾಗಿದೆ. ಅವರನ್ನು ಕೇಳಿಬರಲು ಅಣ್ಣನಿಗೆ ಹೇಳಿದ್ದೇನೆ.