ಕಪ್ಪು ಶಾಯಿಯ ಮೂರು ಪದಗಳು

ನನ್ನ ವೈದ್ಯಕೀಯ ನೋಂದಣಿಯನ್ನು ಒಂದು ವರ್ಷ ಅಮಾನತಿನಲ್ಲಿಟ್ಟದ್ದು ಔಷಧವನ್ನು ತಪ್ಪಾಗಿ ಬರೆದದ್ದಕ್ಕಲ್ಲ. ಬರೆದದ್ದನ್ನು ಆಮೇಲೆ ತಿದ್ದಿ, ಮೊದಲಿನಿಂದಲೂ ಸರಿಯಾಗಿಯೇ ಇತ್ತೆಂದು ಸಾಧಿಸಿದ್ದಕ್ಕೆ. ಈ ವ್ಯತ್ಯಾಸವನ್ನು ಒಪ್ಪಿಕೊಳ್ಳಲು ನನಗೆ ಶಿಕ್ಷೆಯ ಅವಧಿಗಿಂತ ಹೆಚ್ಚು ಕಾಲ ಹಿಡಿಯಿತು.

ಮದುವೆಯ ಮಾತೂ ಮುಗಿದಿದ್ದ ಸಹೋದ್ಯೋಗಿಯೊಬ್ಬಳು ನನ್ನನ್ನು ಬಿಟ್ಟುಹೋಗಿ ಆಗ ಎರಡು ತಿಂಗಳಾಗಿತ್ತು. ಖಾಲಿ ಮನೆಗೆ ಹೋಗುವುದು ಬೇಡವೆಂದು ಬೇರೆಯವರ ರಾತ್ರಿ ಡ್ಯೂಟಿಗಳನ್ನೂ ಕೇಳಿ ಪಡೆಯುತ್ತಿದ್ದೆ. ಎಲ್ಲರೂ ಅದನ್ನು ಶ್ರದ್ಧೆಯೆಂದು ತಿಳಿದರು, ನಾನೂ ತಿಳಿದೆ. ಅಂಥದೊಂದು ರಾತ್ರಿ ಕಳೆದ ಬೆಳಿಗ್ಗೆ, ರುಮಟಾಯ್ಡ್ ಸಂಧಿವಾತವಿದ್ದ ವಯಸ್ಸಾದ ಮಹಿಳೆಯೊಬ್ಬರನ್ನು ಮನೆಗೆ ಕಳಿಸುವಾಗ, ಡಿಸ್ಚಾರ್ಜ್ ಚೀಟಿಯಲ್ಲಿ ಮೆಥೊಟ್ರೆಕ್ಸೇಟ್ 15 ಮಿಲಿಗ್ರಾಂ ಎಂದು ಬರೆದು, ಕೈಯ ಅಭ್ಯಾಸದಂತೆ ಅದರ ಮುಂದೆ ‘ಓ.ಡಿ.’, ಅಂದರೆ ದಿನಕ್ಕೊಮ್ಮೆ, ಎಂದು ಸೇರಿಸಿದೆ. ಸಂಧಿವಾತಕ್ಕೆ ಈ ಔಷಧವನ್ನು ಕೊಡುವುದು ವಾರಕ್ಕೊಮ್ಮೆ. ಇದು ದೇಹದಲ್ಲಿ ಫೋಲಿಕ್ ಆಮ್ಲವೆಂಬ ವಿಟಮಿನ್ನಿನ ಕೆಲಸಕ್ಕೆ ಅಡ್ಡ ಬರುವುದರಿಂದ, ದಿನವೂ ನುಂಗಿದರೆ ಬೇಗಬೇಗ ವಿಭಜನೆಯಾಗುವ ಜೀವಕೋಶಗಳಿಗೆ, ಎಂದರೆ ಬಾಯಿ ಮತ್ತು ಕರುಳಿನ ಒಳಪದರಕ್ಕೂ ಅಸ್ಥಿಮಜ್ಜೆಗೂ, ಮೊದಲು ಪೆಟ್ಟು ಬೀಳುತ್ತದೆ. ಒಂಬತ್ತನೆಯ ದಿನ ಅವರು ಮರಳಿ ಬಂದಾಗ ನೀರು ನುಂಗಲೂ ಆಗದಷ್ಟು ಬಾಯಿ ಹುಣ್ಣಾಗಿತ್ತು, ಜ್ವರವಿತ್ತು, ಸಾಮಾನ್ಯವಾಗಿ 4,000ಕ್ಕಿಂತ ಮೇಲಿರಬೇಕಾದ ಬಿಳಿ ರಕ್ತಕಣಗಳ ಎಣಿಕೆ 900ಕ್ಕೆ ಇಳಿದಿತ್ತು. ಮೆಥೊಟ್ರೆಕ್ಸೇಟಿನ ಪೆಟ್ಟಿಗೆ ಪ್ರತಿಮದ್ದಾದ ಫೋಲಿನಿಕ್ ಆಮ್ಲ, ಆಂಟಿಬಯೋಟಿಕ್, ಮೂರು ವಾರ ಪ್ರತ್ಯೇಕ ಕೋಣೆ. ಅವರು ಬದುಕಿದರು.

ಅವರು ದಾಖಲಾದ ರಾತ್ರಿಯೇ ನಾನು ಚೀಟಿಯ ಕಚೇರಿ ಪ್ರತಿಯನ್ನು ಹೊರತೆಗೆದು, ‘ಓ.ಡಿ.’ಯ ಮೇಲೆ ಗೀಟು ಎಳೆದೆಳೆದು ಮುಚ್ಚಿ, ಪಕ್ಕದಲ್ಲಿ ‘ವಾರಕ್ಕೆ ಒಮ್ಮೆ ಮಾತ್ರ’ ಎಂದು ಬರೆದೆ. ಮೊದಲಿನ ಬರಹ ನೀಲಿ, ನನ್ನ ಕೈಗೆ ಸಿಕ್ಕಿದ ಪೆನ್ನು ಕಪ್ಪು. ದಾಖಲೆಯಲ್ಲಿ ತಪ್ಪಿದ್ದರೆ ಒಂದೇ ಗೀಟು ಎಳೆದು, ಹಳೆಯದು ಓದುವಂತೆ ಉಳಿಸಿ, ದಿನಾಂಕ, ವೇಳೆ, ಸಹಿ ಹಾಕಬೇಕೆಂದು ಕಿರಿಯರಿಗೆ ಹೇಳಿಕೊಡುತ್ತಿದ್ದವನು ನಾನೇ. ವಿಚಾರಣೆಯ ದಿನ ರೋಗಿಯ ಮಗಳು ನಾಲ್ಕಾಗಿ ಮಡಚಿದ್ದ ತಮ್ಮ ಪ್ರತಿಯನ್ನು ಬಿಡಿಸಿ, ಅಂಗೈಯಿಂದ ಸವರಿ, ಮೇಜಿನ ಮೇಲಿಟ್ಟರು. ಅದರಲ್ಲಿ ‘ಓ.ಡಿ.’ ಸ್ಪಷ್ಟವಾಗಿತ್ತು.

ಆಗ ನಾನು ಮುರಿದ ಪ್ರೀತಿಯನ್ನು ಮುಂದಿಟ್ಟೆ. ಅದು ಎರಡನೆಯ ಸುಳ್ಳು. ನಿದ್ದೆಗೆಟ್ಟದ್ದು ನೀಲಿ ಬರಹಕ್ಕೆ ಕಾರಣವಾಗಿರಬಹುದು, ಕಪ್ಪು ಬರಹಕ್ಕಲ್ಲ. ಆ ಹೊತ್ತಿನಲ್ಲಿ ನನ್ನಷ್ಟು ಎಚ್ಚರವಾಗಿದ್ದವರು ಆ ಕಟ್ಟಡದಲ್ಲಿ ಬೇರೆ ಯಾರೂ ಇರಲಿಲ್ಲ. ತಪ್ಪೆಸಗಿ ಕುಗ್ಗಿಹೋಗುವ ವೈದ್ಯರನ್ನು ಅಮೆರಿಕದ ವೈದ್ಯ ಆಲ್ಬರ್ಟ್ ವೂ 2000ರಲ್ಲಿ ‘ಎರಡನೆಯ ಬಲಿಪಶು’ ಎಂದು ಕರೆದರು. ಆ ಮಾತಿನಲ್ಲಿ ಅನುಕಂಪವಿದೆ, ಅನೇಕರಿಗೆ ಅದು ಬೇಕು ಕೂಡ. ಆದರೆ ಅಮಾನತಿನ ಮೊದಲ ತಿಂಗಳುಗಳಲ್ಲಿ ನಾನು ಅದನ್ನು ಹೊದ್ದುಕೊಂಡು ಮಲಗಿದೆ. ಮೊದಲನೆಯ ಬಲಿಪಶುವಿನ ಮನೆಗೆ ಇನ್ನೂ ಹೋಗಿರಲಿಲ್ಲ.

ಕೊನೆಗೆ, ಬರಬಹುದೇ ಎಂದು ಕೇಳಿ, ಒಪ್ಪಿಗೆ ಬಂದ ಮೇಲೆ ಹೋದೆ. ಮಾತು ಶುರುವಾಗುತ್ತಲೇ ನನ್ನ ನಿದ್ದೆ, ನನ್ನ ಒಂಟಿತನ ಎಂದು ಹೊರಟಾಗ ಮಗಳು ತಡೆದರು. “ನಿಮ್ಮ ಕಷ್ಟ ಆಮೇಲೆ ಹೇಳಿ ಡಾಕ್ಟ್ರೇ. ಅಮ್ಮನಿಗೆ ಏನಾಯ್ತು ಅಂತ ಮೊದಲು ಹೇಳಿ.” ಔಷಧ ಯಾವುದು, ಎಷ್ಟು ಬರೆಯಬೇಕಿತ್ತು, ಎಷ್ಟು ಬರೆದೆ, ಆ ರಾತ್ರಿ ಏನು ತಿದ್ದಿದೆ ಎಂಬುದನ್ನು ಕ್ರಮವಾಗಿ ಹೇಳಿದೆ. ತಾಯಿ ಕೇಳಿದ್ದು ಒಂದೇ: “ಆ ಗುಳಿಗೆ ಈಗ ಬೇರೆಯವರಿಗೆ ಹೇಗೆ ಬರೀತೀರಿ?” ಆಗ ನನ್ನಲ್ಲಿ ಉತ್ತರವಿರಲಿಲ್ಲ. ಕ್ಷಮಿಸಿದೆವೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕೆಲಸಕ್ಕೆ ಮರಳಿದಾಗ ಆರು ತಿಂಗಳು ನನ್ನ ಪ್ರತಿ ಚೀಟಿಯನ್ನೂ ನನಗಿಂತ ಕಿರಿಯ ವೈದ್ಯರೊಬ್ಬರು ನೋಡಿ ಸಹಿ ಹಾಕುತ್ತಿದ್ದರು. ಅವಮಾನವೆನಿಸಿತೇ ಎಂದರೆ, ಮೊದಲ ವಾರ ಅನಿಸಿತು. ‘ಓ.ಡಿ.’ ಬರೆಯುವುದನ್ನು ಬಿಟ್ಟೆ. ಮೆಥೊಟ್ರೆಕ್ಸೇಟ್ ಆದರೆ ವಾರದ ಹೆಸರು, 2.5 ಮಿಲಿಗ್ರಾಂನ ಗುಳಿಗೆ ಎಷ್ಟು, ಯಾವ ಕಾಯಿಲೆಗೆ, ಈ ಮೂರನ್ನೂ ಅಕ್ಷರಗಳಲ್ಲಿ ಬರೆಯುತ್ತೇನೆ, ಅದರ ಜೊತೆಗೆ ಕೊಡುವ ಫೋಲಿಕ್ ಆಮ್ಲಕ್ಕೆ ಬೇರೆ ದಿನ ಗೊತ್ತುಮಾಡುತ್ತೇನೆ, ಒಂದು ಸಲಕ್ಕೆ ನಾಲ್ಕು ವಾರಕ್ಕಿಂತ ಹೆಚ್ಚು ಬರೆಯುವುದಿಲ್ಲ. ಅನುಮಾನ ಬಂದರೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ ಎಂದು ಔಷಧ ಕೊಡುವವರಿಗೆ ಹೇಳಿದ್ದೇನೆ. ಮಾಡುತ್ತಾರೆ, ಕೆಲವೊಮ್ಮೆ ಅನಗತ್ಯವಾಗಿಯೂ.

ಬಿಟ್ಟುಹೋದವಳಿಗೆ ಇದನ್ನೆಲ್ಲ ಬರೆದು ತಿಳಿಸಬೇಕೆಂಬ ಆಸೆ ಬಹಳ ದಿನ ಕಾಡಿತು. ಅರ್ಧ ಬರೆದ ಪತ್ರವನ್ನು ಓದಿ ನೋಡಿದಾಗ, ಅದರಲ್ಲಿ ರೋಗಿಯ ಸುದ್ದಿ ಎರಡೇ ಸಾಲಿತ್ತು. ಕಳಿಸಲಿಲ್ಲ.

ಮೊನ್ನೆ ಹೊಸ ರೋಗಿಯೊಬ್ಬರಿಗೆ ಅದೇ ಗುಳಿಗೆ ಬರೆದುಕೊಟ್ಟು, ಹೇಗೆ ತೆಗೆದುಕೊಳ್ಳುತ್ತೀರಿ ಹೇಳಿ ಎಂದೆ. “ಸೋಮವಾರ ಆರು. ಆಮೇಲೆ ಮುಂದಿನ ಸೋಮವಾರವೇ.” ನಡುವೆ ಬಾಯಿ ಹುಣ್ಣಾದರೆ? “ನಿಲ್ಲಿಸಿ, ನಿಮ್ಮ ಹತ್ತಿರ ಬರ್ತೀನಿ.” ನೀಲಿ ಪೆನ್ನಿನಿಂದ ಸಹಿ ಹಾಕಿ, ಎರಡು ಪ್ರತಿಗಳನ್ನೂ ಪಕ್ಕಪಕ್ಕ ಇಟ್ಟು ಓದಿ, ಒಂದನ್ನು ಅವರ ಕೈಗೆ ಕೊಟ್ಟೆ.