ಆ ಪದವನ್ನು ನಾನು ಮೊದಲು ಹೇಳುವುದಿಲ್ಲ

"ಅಂಥದ್ದೇನೂ ಆಗಿಲ್ಲ, ಸುಮ್ನೆ ಕೇಳೋಣ ಅಂತ ಫೋನ್ ಮಾಡಿದೆ."

ಸಹಾಯವಾಣಿಯಲ್ಲಿ ನಾನು ಎತ್ತುವ ಎಷ್ಟೋ ಕರೆಗಳು ಹೀಗೇ ಶುರುವಾಗುತ್ತವೆ. ಆಮೇಲೆ ಅರ್ಧ ಗಂಟೆ ಬೇರೆ ಏನೇನೋ ಮಾತು. ನಿದ್ದೆ ಬರ್ತಿಲ್ಲ, ಕೆಲಸದಲ್ಲಿ ಮನಸ್ಸಿಲ್ಲ. ಕೊನೆಗೆ ಒಬ್ಬ ಗೆಳೆಯನ ಹೆಸರು ಬರುತ್ತದೆ. ಅದರ ಬೆನ್ನಿಗೇ "ಅವನು ಕೆಟ್ಟವನಲ್ಲ" ಅನ್ನುವ ಮಾತು.

ಶುರುವಿನ ದಿನಗಳಲ್ಲಿ ನಾನು ಮಾಡಿದ ತಪ್ಪು ಹೇಳುತ್ತೇನೆ. ಒಬ್ಬಳು ನಡೆದದ್ದನ್ನು ಹೇಳಿ ಮುಗಿಸುವ ಮೊದಲೇ, "ಇದು ಅತ್ಯಾಚಾರ, ದೂರು ಕೊಡಬೇಕು" ಅಂದುಬಿಟ್ಟೆ. ಧೈರ್ಯ ತುಂಬುತ್ತಿದ್ದೇನೆ ಅಂದುಕೊಂಡಿದ್ದೆ. ಆ ಕಡೆ ಸದ್ದೇ ಇಲ್ಲ. ಫೋನ್ ಕಟ್ ಆಯಿತು. ಅವಳು ಮತ್ತೆ ಕರೆ ಮಾಡಲಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇರಿ ಕಾಸ್ 1987ರಲ್ಲಿ ಪ್ರಕಟಿಸಿದ ಸಮೀಕ್ಷೆ ಓದಿದ ಮೇಲೆ ನನ್ನ ತಪ್ಪು ಅರ್ಥವಾಯಿತು. 32 ಕಾಲೇಜುಗಳ ಆರು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಮಾತಾಡಿಸಿದ್ದ ಅಧ್ಯಯನ ಅದು. ಅವರು "ನಿಮ್ಮ ಮೇಲೆ ಅತ್ಯಾಚಾರ ಆಗಿದೆಯಾ?" ಅಂತ ಕೇಳಿ ಬಿಟ್ಟುಬಿಡಲಿಲ್ಲ. ನೀವು ಬೇಡ ಅಂದರೂ ಬಲವಂತ ಮಾಡಿದರಾ, ಕುಡಿಸಿ ಹಾಗೆ ಮಾಡಿದರಾ, ಹೀಗೆ ನಡೆದದ್ದನ್ನೇ ಕೇಳಿದರು. ಕಾನೂನಿನ ಲೆಕ್ಕದಲ್ಲಿ ಅತ್ಯಾಚಾರಕ್ಕೆ ಒಳಗಾದ ಹೆಣ್ಣುಮಕ್ಕಳಲ್ಲಿ ಸುಮಾರು 84% ಜನಕ್ಕೆ ಮಾಡಿದವನು ಪರಿಚಿತ. ಅದನ್ನು ಅತ್ಯಾಚಾರ ಅಂತ ಕರೆದವರು ಬರೀ 27%. ಪೊಲೀಸರ ತನಕ ಹೋದವರು ಸುಮಾರು 5%. ಹೆಸರೇ ಇಡದ ವಿಷಯಕ್ಕೆ ದೂರು ಎಲ್ಲಿಂದ ಬರಬೇಕು, ಅಲ್ವಾ?

ಆಮೇಲಿಂದ ನಾನೂ ಆ ಪದ ಬಿಟ್ಟೆ. "ನೀವು ಬೇಡ ಅಂದಾಗ ಅವನು ಏನು ಮಾಡಿದ?" ಅಂತ ಕೇಳುತ್ತೇನೆ. ಅವರು ಬಳಸಿದ ಮಾತನ್ನೇ ನಾನೂ ಬಳಸುತ್ತೇನೆ. "ಯಾಕೆ" ಅನ್ನುವ ಪ್ರಶ್ನೆಯನ್ನಂತೂ ಪೂರ್ತಿ ಬಿಟ್ಟಿದ್ದೇನೆ. ಯಾಕೆ ಹೋದೆ, ಯಾಕೆ ಕೂಗಲಿಲ್ಲ ಅನ್ನುವುದನ್ನು ಅವರು ತಮಗೆ ತಾವೇ ನೂರು ಸಲ ಕೇಳಿಕೊಂಡಿರುತ್ತಾರೆ.

ಕೂಗದೇ ಇದ್ದದ್ದಕ್ಕೆ ಜಾಸ್ತಿ ನಾಚಿಕೆ. ಆಗ ಅತ್ಯಾಚಾರದ ನಂತರ ಸ್ಟಾಕ್‌ಹೋಮ್‌ನ ಒಂದು ತುರ್ತು ಚಿಕಿತ್ಸಾ ಕೇಂದ್ರಕ್ಕೆ ಬಂದ 298 ಮಹಿಳೆಯರ ವಿಷಯ ಹೇಳುತ್ತೇನೆ. 2017ರಲ್ಲಿ ಪ್ರಕಟವಾದ ಅಧ್ಯಯನ. ಅವರಲ್ಲಿ 70% ಜನಕ್ಕೆ ಆ ಹೊತ್ತಿನಲ್ಲಿ ಕೈಕಾಲು ಮರಗಟ್ಟಿದಂತಾಗಿತ್ತು. ಭಯ ಜಾಸ್ತಿಯಾದಾಗ ದೇಹ ತಾನಾಗೇ ಹಾಗೆ ಮಾಡುತ್ತದೆ, ನಮ್ಮನ್ನು ಕೇಳಿ ಅಲ್ಲ. ಇದನ್ನು ಕೇಳಿ ಎಷ್ಟೋ ಜನ ಅತ್ತಿದ್ದಾರೆ.

ಇನ್ನೊಂದು ಗಂಟು ಮರುದಿನದ ಮೆಸೇಜು. "ಮನೆ ಸೇರಿದ್ಯಾ?" ಅಂತ ಅವನು ಕೇಳಿರುತ್ತಾನೆ, ಇವಳು "ಹೂಂ, ಥ್ಯಾಂಕ್ಸ್" ಅಂದಿರುತ್ತಾಳೆ. ಏನೂ ಆಗಿಲ್ಲ ಅಂತ ತನಗೆ ತಾನೇ ಹೇಳಿಕೊಳ್ಳುವ ದಾರಿ ಅದು. ಆಮೇಲೆ ಅದನ್ನೇ ನೋಡಿ, ನನ್ನ ಮಾತು ಯಾರು ನಂಬುತ್ತಾರೆ ಅಂತ ಕೊರಗು. ಇಬ್ಬರಿಗೂ ಗೆಳೆಯರ ಗುಂಪು ಒಂದೇ ಆಗಿದ್ದರೆ ಮುಗಿಯಿತು. ಬಾಯಿ ಬಿಟ್ಟರೆ ಗುಂಪು ಕಳೆದುಕೊಳ್ಳುವವಳು ಇವಳೇ. ನಾನು ಒಂದೇ ಮಾತು ಹೇಳುತ್ತೇನೆ: ಮೆಸೇಜು ಅಳಿಸಬೇಡಿ, ಮುಜುಗರ ಆಗುವುದನ್ನೂ ಅಳಿಸಬೇಡಿ.

ಆತುರ ಮಾಡುವುದು ವೈದ್ಯರ ವಿಷಯದಲ್ಲಿ ಮಾತ್ರ. ಎಚ್‌ಐವಿ ತಡೆಯುವ ಔಷಧ 72 ಗಂಟೆಯೊಳಗೆ ಶುರುವಾಗಬೇಕು. ಗರ್ಭ ತಡೆಯುವ ತುರ್ತು ಮಾತ್ರೆಯೂ ಎಷ್ಟು ಬೇಗ ತಗೊಂಡರೆ ಅಷ್ಟು ಒಳ್ಳೆಯದು. ಬಟ್ಟೆ ತೊಳೆಯದೆ ಕಾಗದದ ಚೀಲದಲ್ಲಿಡಿ ಅನ್ನುತ್ತೇನೆ. ಪ್ಲಾಸ್ಟಿಕ್‌ನಲ್ಲಿ ತೇವ ನಿಂತು ಸಾಕ್ಷ್ಯ ಕೆಡುತ್ತದೆ. ದೂರಿನ ಯೋಚನೆ ಆಮೇಲೆ ಮಾಡಿದರಾಯಿತು.

ಒಬ್ಬಳು ಮೂರನೇ ಕರೆಯಲ್ಲಿ ಆ ಪದವನ್ನು ತಾನೇ ಹೇಳಿದಳು, ತುಂಬ ಮೆಲ್ಲಗೆ. ನಾನು "ಹೂಂ" ಅಂದೆ, ಅಷ್ಟೇ. ಬಟ್ಟೆಯ ಚೀಲ ಇನ್ನೂ ಕಪಾಟಿನಲ್ಲಿದೆ ಅಂದಳು. ದೂರು ಕೊಟ್ಟರೆ ಏನೇನಾಗುತ್ತದೆ, ಮುಂದಿನ ಸಲ ಹೇಳಿ ಅಂದಳು.